ಹೆಸರಿಲ್ಲನ ಮಗಳು

ನನ್ನಪ್ಪನ ಹೆಸರು ನೆರ್‌ಗುಯಿ.
ಅಂದರೆ, ಹೆಸರಿಲ್ಲ.
ತಮಾಷೆಯಲ್ಲ, ಗುರುತಿನ ಚೀಟಿಯಲ್ಲಿ ಹಾಗೇ ಇದೆ,
ಸರ್ಕಾರದ ಮುದ್ರೆ ಸಮೇತ.

ಸೈನ್ಯಕ್ಕೆ ಸೇರಿದ ಮೊದಲ ದಿನ
ಹೆಸರೇನೋ? ಹೆಸರಿಲ್ಲ.
ಎಡಗೆನ್ನೆಗೆ ಒಂದು.
ಹೆಸರೇನೋ? ಹೆಸರಿಲ್ಲ, ಸ್ವಾಮಿ.
ಬಲಗೆನ್ನೆಗೂ ಒಂದು.
ಅಂಥ ಹೆಸರಿನವರು ಊರಿಗೆ ಹತ್ತು ಜನ ಇದ್ದಾರೆಂದು
ಹೊಡೆದವನಿಗೂ ಗೊತ್ತಿತ್ತು.
ಕೈ ತುರಿಸುತ್ತಿತ್ತು, ಅಷ್ಟೆ.

ಅಪ್ಪನಿಗಿಂತ ಮುಂಚೆ ಇಬ್ಬರಿದ್ದರು.
ಹಿರಿಯವನಿಗೆ ಅಜ್ಜಿ
ಎರಡು ದಿನ ಕುದುರೆಯ ಮೇಲೆ ಹೋಗಿ ಕೇಳಿಕೊಂಡು ಬಂದು
ಇಟ್ಟದ್ದು ಮೊಂಖ್‌ನಸನ್. ಚಿರಾಯು.
ನಲವತ್ತು ದಿನ ಇದ್ದ.
ಎರಡನೆಯದು ಹೆಣ್ಣು, ಅಲ್ತನ್‌ಗೆರೆಲ್, ಹೊಂಬೆಳಕು.
ಆ ಚಳಿಗಾಲ ದಾಟಲಿಲ್ಲ.
ಹೆಸರಿದ್ದವರು ಹೇಳಹೆಸರಿಲ್ಲದೆ ಹೋದರು.

ಮೂರನೆಯದಕ್ಕೆ ಅಜ್ಜಿ ಜಾಣೆಯಾದಳು.
ಬಾಗಿಲಲ್ಲಿ ನಿಂತು ಅದು, ಒಳಗೆ ಯಾರಿದ್ದೀರಿ ಎಂದು ಕೂಗಿದರೆ
ಹೆಸರಿಲ್ಲ ಎನ್ನಬೇಕು.
ಅದು ಪಟ್ಟಿ ಮಡಚಿಕೊಂಡು ಹೋಗಬೇಕು.
ಹೋಯಿತು.
ಅರವತ್ತೇಳು ವರ್ಷವಾಯಿತು, ಇನ್ನೂ ತಿರುಗಿ ಬಂದಿಲ್ಲ.

ನನಗೆ ಇಡುವಾಗ ಅಪ್ಪನಿಗೆ ಆಸೆಯೂ ಇತ್ತು, ಭಯವೂ.
ಖೊಂಗೊರ್‌ಜುಲ್ ಎಂದಿಟ್ಟ, ಹುಲ್ಲುಗಾವಲಿನ ಮುಳ್ಳುಹೂ.
ಹೂವು ಕರೆಯುವವರಿಗೆ,
ಮುಳ್ಳು ಬಾಯಿ ಹಾಕಬಂದವರಿಗೆ.
ನಮ್ಮಲ್ಲಿ ಅಪ್ಪನ ಹೆಸರು ಮುಂದೆ ಬರುತ್ತದೆ.
ಪೂರ್ತಿ ಬರೆದರೆ ನಾನು
ಹೆಸರಿಲ್ಲನ ಮುಳ್ಳುಹೂ.
ಶಾಲೆಯಲ್ಲಿ ನಕ್ಕರು. ನಗಲಿ.

ದರ್ಖಾನಿನಲ್ಲಿ ಬೊಂಬೆಯಾಟದ ಮನೆಯೊಂದಿದೆ,
ಅಲ್ಲಿಗೆ ಆಟ ಬರೆದುಕೊಡುತ್ತೇನೆ.
ಈ ಸಲದ್ದು ಮೊಲ. ಕಿವಿ ಉದ್ದ, ಒಂದು ಕಾಲು ಗಿಡ್ಡ,
ಬಡಗಿ ಕುಡಿದಿದ್ದ.
ಮೊಲಕ್ಕೆ ಹೆಸರು ಸಿಗಲಿಲ್ಲ.
ಹೊಟ್ಟೆಯಲ್ಲಿದ್ದುದಕ್ಕೆ ಎಂಟು ತಿಂಗಳು, ಅದಕ್ಕೂ ಸಿಗಲಿಲ್ಲ.
ಒಂದೇ ನೋಟುಪುಸ್ತಕ,
ಎಡಪುಟ ಮೊಲಕ್ಕೆ, ಬಲಪುಟ ಮಗುವಿಗೆ.
ನಿದ್ದೆಗಣ್ಣಿನಲ್ಲಿ ಪುಟಗಳು ಅದಲುಬದಲಾಗಿ
ಗಂಡ ಓದಿ ಗಾಬರಿಯಾದ:
ನಮ್ಮ ಮಗು ಮೋಟುಬಾಲವೆ?

ಬೊಂಬೆಯದು ಸುಲಭವೆಂದುಕೊಂಡಿದ್ದೆ,
ಹಿಡಿಸದಿದ್ದರೆ ಗೀಟು ಹಾಕಬಹುದು.
ಮಗು ಹಾಗಲ್ಲ,
ಒಮ್ಮೆ ಕೂಗಿದರೆ ತಿರುಗಿ ನೋಡುತ್ತದೆ.

ಅಪ್ಪ ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದ.
ಬೆನ್ನು ನನ್ನ ಕಡೆಗಿರುವಾಗ ಹೇಳಿದ:
ಮೊಲಕ್ಕೆ ನನ್ನಣ್ಣನ ಹೆಸರಿಡು.
ಮರವಲ್ಲವೆ. ಅದೇನು ಮಾಡೀತು.
ಆ ಹೆಸರು ಅವನ ಬಾಯಲ್ಲಿ ಕೇಳಿದ್ದು
ಅದೇ ಮೊದಲು.

ಮಗಳು ಫೆಬ್ರವರಿಯಲ್ಲಿ ಹುಟ್ಟಿದಳು.
ಮನೆಯ ಹಿರಿಯರು ಕಿವಿಯಲ್ಲಿ ಮೂರು ಸಲ ಹೇಳಬೇಕು.
ಚೀಟಿಯಲ್ಲಿ ಬರೆದುಕೊಟ್ಟೆವು: ಸೊಲೊಂಗೊ, ಕಾಮನಬಿಲ್ಲು.
ಅಪ್ಪ ಕನ್ನಡಕವಿಲ್ಲದೆ ಚೀಟಿ ನೋಡಿದ, ಬಾಗಿದ.
ತುಟಿ ಅಲ್ಲಾಡಿದ್ದು ಕಾಮನಬಿಲ್ಲಿಗೆ ಸಾಲುವಷ್ಟಲ್ಲ.
ಏನೆಂದೆ ಅಪ್ಪಾ? ಎಂದರೆ
ಬಾಯಲ್ಲಿ ಒಣಮೊಸರಿನ ತುಂಡಿತ್ತು ಎಂದ.
ಸಂಜೆ ಹೊರಡುವಾಗ ಒಲೆಯ ಮಸಿ ತೆಗೆದು ಹಣೆಗಿಟ್ಟು,
ಮಗುವಲ್ಲ, ಮೊಲ
ಎಂದ, ಕತ್ತಲೆಗೆ ಕೇಳಿಸುವಂತೆ.

ಏಪ್ರಿಲ್, ಆಟದ ಮೊದಲ ದಿನ.
ಕೊನೆಯ ಸಾಲಿನಲ್ಲಿ ಅಪ್ಪ, ಮಡಿಲಲ್ಲಿ ಮಸಿಬೊಟ್ಟಿನ ಮಗು.
ತೋಳಕ್ಕೆ ಹೆದರಿ ಮೊಲ ಪೆಟ್ಟಿಗೆಯೊಳಗೆ ಅಡಗಿತು.
ಎಂಬತ್ತು ಮಕ್ಕಳು ಬೆಂಚಿನ ಮೇಲೆದ್ದು ಕೂಗಿದರು:
ಮೊಂಖ್‌ನಸನ್! ಮೊಂಖ್‌ನಸನ್! ಹೊರಗೆ ಬಾ!

ಅಪ್ಪ ರಂಗದ ಕಡೆ ನೋಡಲಿಲ್ಲ,
ಬಾಗಿಲ ಕಡೆ ನೋಡುತ್ತಿದ್ದ.
ತಡವಾಗಿ ಬಂದ ಯಾರೋ ಹೆಂಗಸು
ಹೆಗಲ ಮಂಜು ಕೊಡವುತ್ತ ಬಾಗಿಲು ತೆರೆದಳು.
ಅಪ್ಪ ಮಗುವನ್ನು ಕೋಟಿನೊಳಗೆ ಎಳೆದುಕೊಂಡ.

ಪೆಟ್ಟಿಗೆಯ ಮುಚ್ಚಳ ಸರಿಯಿತು.
ಮೊಲ ಹೊರಗೆ ಬಂತು,
ಗಿಡ್ಡ ಕಾಲು ಎಳೆಯುತ್ತ.