ರೆಫರಿ ನೋಡಲಿಲ್ಲ

ವಿಠ್ಠಲಸಾನ ಕ್ಯಾಸೆಟ್ ಅಂಗಡಿಗೆ
ಮುಂಬೈ ಗುಜರಿಯಿಂದ ಒಂದು ರಟ್ಟಿನ ಡಬ್ಬಿ ಬಂತು,
ತೊಂಬತ್ತೈದರ ದೀಪಾವಳಿ ಆಸುಪಾಸು.
ಹನ್ನೊಂದು ಕ್ಯಾಸೆಟ್ಟು. ಬೆನ್ನ ಮೇಲಿನ ಬರಹ
ಇರುವೆಗಳು ಸಕ್ಕರೆ ಬಿಟ್ಟು ಎದ್ದು ನಿಂತಂತೆ.
ಜಪಾನಿನದು ಅಂದ. ಕುಸ್ತಿ ಅಂದ.
ಇಡೀ ದಾವಣಗೆರೆಯಲ್ಲಿ ಯಾರೂ ಒಯ್ಯಲಿಲ್ಲ.
ನಾನೂ ಬುಡೇನನೂ ಒಯ್ದೆವು, ದಿನಕ್ಕೆ ಮೂರು ರೂಪಾಯಿ.

ಮಂಡಕ್ಕಿ ಭಟ್ಟಿಯಲ್ಲಿ ನಮ್ಮದು ರಾತ್ರಿ ಪಾಳಿ.
ಒಬ್ಬ ಒಲೆಯ ಬಾಯಿಗೆ, ಒಬ್ಬ ಬಾಗಿಲಿಗೆ.
ಕಾದ ಮರಳಿನಲ್ಲಿ ಅಕ್ಕಿ ಅರಳುವ ಹೊತ್ತಿಗೆ
ಒಳಗಿದ್ದವನ ಕಣ್ಣು ಬೆಂದಿರುತ್ತಿತ್ತು,
ಟೈರಿನ ಹೊಗೆ ಗಂಟಲಲ್ಲಿ ಗಂಟು.
ಅಂಗೈ ಚಾಚುತ್ತಿದ್ದ. ಹೊರಗಿನವ ಚಟೀರೆಂದು ಹೊಡೆದು
ಒಳಗೆ.
ಹೀಗಾಗಿ ಆ ಆಟದ ಕಾನೂನು
ಯಾರೂ ಹೇಳಿಕೊಡಬೇಕಾಗಲಿಲ್ಲ.

ಇಬ್ಬಿಬ್ಬರ ಜೋಡಿ. ಒಬ್ಬ ಅಖಾಡದಲ್ಲಿ,
ಒಬ್ಬ ಮೂಲೆಯಲ್ಲಿ ಹಗ್ಗ ಹಿಡಿದು.
ಕೈಗೆ ಕೈ ತಾಗಬೇಕು, ತಾಗಿದ್ದನ್ನು ರೆಫರಿ ನೋಡಬೇಕು.
ನೋಡದಿದ್ದರೆ ತಾಗಿಲ್ಲ.
ಹೆಸರು ತಿಳಿಯದೆ ನಾವೇ ಇಟ್ಟೆವು:
ನೀಲಿ ಚಡ್ಡಿ, ಅವನ ಜೊತೆಗಾರ ಗಡಿಗೆಗಲ್ಲ,
ಎದುರಿಗೆ ಉದ್ದಮೋರೆ, ಇನ್ನೊಬ್ಬ ದಡಿಯನಿಗೆ
ನಮ್ಮ ಸಾವ್ಕಾರ್ರ ಹೆಸರೇ.
ಚಳಿಗಾಲದ ಪಂದ್ಯಾವಳಿ; ಎಲ್ಲರೂ ಎಲ್ಲರ ಮೇಲೆ.
ಗೆದ್ದರೆ ಎರಡು, ಸಮವಾದರೆ ಒಂದು ಅಂತ
ಬುಡೇನ ಚೀಲದ ಲೆಕ್ಕದ ಬುಕ್ಕಿನ ಹಿಂದೆ ಅಂಕ ಬರೆದ.
ಸಾವ್ಕಾರ್ರು ನೋಡಿ ಬೈದರು,
ಆಮೇಲೆ ಕೇಳಿದರು: ನಾನು ಎಷ್ಟರಲ್ಲಿದೀನಿ?

ಗರಡಿಯ ದುರುಗಪ್ಪ ಉಸ್ತಾದನನ್ನೂ ಒಮ್ಮೆ ಕೂರಿಸಿದೆವು.
ಕೆಮ್ಮಣ್ಣಿನ ಮನುಷ್ಯ. ಕಿವಿ ಮುದುಡಿದ ಹಪ್ಪಳ.
ಹತ್ತು ನಿಮಿಷ ನೋಡಿ "ನಾಟಕ" ಅಂದ.
"ಏಟು ಬೀಳೋ ಮೊದಲೇ ಒಪ್ಕಂಡಾನ ನೋಡು."
ಎದ್ದು ಮಾತ್ರ ಹೋಗಲಿಲ್ಲ.
ನೀಲಿ ಚಡ್ಡಿಯನ್ನು ಎತ್ತಿ ಕತ್ತಿನ ಮೇಲೆ ಕೆಡವಿದಾಗ
ಚಾ ಲೋಟ ಕೆಳಗಿಟ್ಟ.
"ಗೆಲ್ಲೋದು ಸುಳ್ಳಿರಬೌದು," ಅಂದ ತಡೆದು,
"ನೆಲ ಸುಳ್ಳು ಹೇಳಲ್ಲ."

ಹನ್ನೊಂದನೆಯದು ಫೈನಲ್ಲು.
ನೀಲಿ ಚಡ್ಡಿ ತೆವಳುತ್ತಿದ್ದ. ಮೂಲೆಗೆ ಎರಡು ಮೊಳ.
ಗಡಿಗೆಗಲ್ಲ ಹಗ್ಗದ ಮೇಲಿಂದ ಭುಜ ಕಳಚುವಷ್ಟು ಬಾಗಿದ್ದ.
ಅರ್ಥವಾಗದ ಭಾಷೆಯಲ್ಲಿ ಯಾರೋ ಅರಚಿ ಅರಚಿ
ಗಂಟಲು ಹರಿದುಕೊಳ್ಳುತ್ತಿದ್ದ, ಎಲ್ಲ ಅರ್ಥವಾಗುತ್ತಿತ್ತು.
ಬುಡೇನ ಕುಕ್ಕರುಗಾಲಲ್ಲಿ. ಒಂದು ಮೊಳ. ಗೇಣು.
ಆಗ ಪರದೆ ತುಂಬಾ
ಹರಿಹರದ ಯಾರದೋ ಮದುವೆ.
ಅಕ್ಷತೆ. ವಾಲಗ. ಕನ್ನಡಕದ ಮದುಮಗ ಸೀನುತ್ತಿದ್ದ.
ವಿಠ್ಠಲಸಾ ಆಣೆ ಇಟ್ಟ: ನಾನಲ್ಲ,
ನಮ್ಮ ಹುಡುಗ, ಖಾಲಿ ಕ್ಯಾಸೆಟ್ಟು ಅನ್ಕಂಡ.

ವರ್ಷಗಟ್ಟಲೆ ಅದೇ ಜಗಳ.
ಮುಟ್ಟಿದ ಅಂತ ಬುಡೇನ. ಇಲ್ಲ ಅಂತ ನಾನು.
ಒಲೆ ಮುಂದೆ, ಅಶೋಕ ಟಾಕೀಸ್ ಗೇಟು ತೆರೆಯಲು ಕಾಯುತ್ತ,
ಅವನ ಮಗಳ ನಿಕಾದ ದಿನ ಬಿರಿಯಾನಿ ಹಂಡೆ ಪಕ್ಕ.

ಹೋದ ಚಳಿಗಾಲ, ಚಿಗಟೇರಿ ಆಸ್ಪತ್ರೆ.
ಅವನ ಎದೆಯೊಳಗೆ ಮೂವತ್ತು ವರ್ಷದ ಟೈರು.
ಮೊಮ್ಮಗ ಫೋನಿನಲ್ಲಿ ಹುಡುಕಿ ತೆಗೆದಿದ್ದ,
ಅಂಗೈಯಗಲದ ಫೈನಲ್ಲು.
ಮಾಸ್ಕು ಸರಿಸಿ ನೋಡಿದ. ನಾನೂ ಬಗ್ಗಿದೆ.
ಮುಟ್ಟಿದ. ಖರೇನೇ ಮುಟ್ಟಿದ.
ಆದರೆ ಉದ್ದಮೋರೆ ರೆಫರಿಯನ್ನು ಅತ್ತ ಮಾತಿಗೆಳೆದಿದ್ದ.
ಲೆಕ್ಕಕ್ಕಿಲ್ಲ. ಗಡಿಗೆಗಲ್ಲನನ್ನು ಮತ್ತೆ ಹೊರಗೆ ದಬ್ಬಿದರು.
"ಇಬ್ರೂ ಗೆದ್ವಿ," ಅಂತ ಬುಡೇನ
ನಗಲು ಹೋಗಿ ಕೆಮ್ಮಿದ.
ಮುಂದೇನಾಯ್ತು ನೋಡ್ರಿ ಅಂದ ಮೊಮ್ಮಗ.
ಬೇಡ ಅಂದೆವು.

ರಾತ್ರಿ ಮೂರಕ್ಕೆ ಅಂಗೈ ಚಾಚಿದ. ಭಟ್ಟಿ ಅಭ್ಯಾಸ.
ಹೊಡೆದೆ, ಮೆಲ್ಲಗೆ.
ನರ್ಸಮ್ಮ ಬೆನ್ನು ಮಾಡಿ ಏನೋ ಬರೆಯುತ್ತಿದ್ದಳು.

ನಾಲ್ಕು ದಿನ ಬಿಟ್ಟು ಪಾಳಿಗೆ ಹೋದೆ.
ಬಾಗಿಲಲ್ಲಿ ಹೊಸ ಹುಡುಗ, ಕಿವಿಗೆ ವೈರು.
ಮರಳು ಕಾದು ಕಣ್ಣು ಉರಿದಾಗ
ತಿರುಗದೆಯೇ ಕೈ ಚಾಚಿದೆ.
ಅವನು ಅದರಲ್ಲಿ
ನೀರಿನ ಬಾಟಲಿ ಇಟ್ಟ.