ಕೊಸರು

ಮೂವತ್ತೊಂದು ವರ್ಷ ನಾನು
ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು.
ನನ್ನ ಸೈಕಲ್ಲಿನ ಗಂಟೆ ಕೇಳಿದರೆ ಸಾಕು,
ರವಿವಾರ ಪೇಟೆಯ ಬೆಲ್ಲದ ಅಂಗಡಿಗಳು
ತಕ್ಕಡಿಯ ತಳಕ್ಕೆ ಮೆತ್ತಿದ ಹುಣಸೆಹಣ್ಣು ಕೆರೆದು ತೆಗೆಯುತ್ತಿದ್ದವು.

ಈಗ ಶಹಾಪುರದ ಮನೆ, ಪೆನ್ಶನ್ನು,
ಮತ್ತು ಸಾಗವಾನಿ ಪೆಟ್ಟಿಗೆಯ ಈ ರೆಕಾರ್ಡ್ ಪ್ಲೇಯರು.
ವರ್ಗವಾಗಿ ಹೊರಟ ಮೇಜರನೊಬ್ಬ
ಕ್ಯಾಂಪಿನಲ್ಲಿ ಹರಾಜಿಗಿಟ್ಟದ್ದು, ಎಪ್ಪತ್ತೊಂಬತ್ತರಲ್ಲಿ.

ಅದರ ಹೊಟ್ಟೆಗೆ ಮುತಗೇಕರನ ರದ್ದಿ ಅಂಗಡಿ.
ಕಿಲೋಕ್ಕೆ ನೂರಾ ಇಪ್ಪತ್ತು.
ಭಜನೆ, ಬ್ಯಾಂಡು, ಇಂಗ್ಲಿಷ್ ಕಲಿಸುವ ಪಾಠ,
ಎಲ್ಲಕ್ಕೂ ಒಂದೇ ದರ.
ಒಮ್ಮೆ ಅವನಿಗೇ ಇನ್ನೂರು ರೂಪಾಯಿ ದಂಡ ಹಾಕಿದ್ದೆ.
ಈಗಲೂ ತೂಗುವಾಗ ಮುಳ್ಳನ್ನು ನನ್ನ ಕಡೆ ತಿರುಗಿಸಿ
"ನೋಡಕೋರಿ ಸಾಹೇಬರ" ಅನ್ನುತ್ತಾನೆ.
ಆಮೇಲೆ ಅಂಚು ಮುಕ್ಕಾದ ಚಿಕ್ಕದೊಂದು ತಟ್ಟೆ ಮೇಲಿಟ್ಟು,
"ಇದು ಕೊಸರು."

ಹೋದ ತಿಂಗಳು ಭೀಮಪಲಾಸ ಸುತ್ತುತ್ತಿತ್ತು.
ಓಣಿಯ ಮಕ್ಕಳಿಗೆ ಪೇಟಿ ಕಲಿಸುವ ಇಂದುಮತಿ
ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದು
ಒಂದು ಮನೆ ಒತ್ತಿ ಹಿಡಿದಳು.
"ಈ ಮನಷ್ಯಾ ಕರಿ ಎರಡು ಬಿಟ್ಟು ಹಾಡಿದ್ದು ನಾ ಕೇಳಿಲ್ಲ.
ನಿಮ್ಮ ಮಷೀನಿನ್ಯಾಗ ಬಿಳಿ ಎರಡಕ್ಕ ಇಳದು ಕುಂತಾನ ನೋಡ್ರಿ."

ಇಲಾಖೆಯ ರಕ್ತ ಸುಮ್ಮನಿರುತ್ತದೆಯೇ?
ತಿರುಗುವ ತಟ್ಟೆಯ ಅಂಚಿಗೆ
ಗಂಜಿ ಹಚ್ಚಿ ಜೋಳದ ಕಾಳೊಂದು ಅಂಟಿಸಿ
ಗಡಿಯಾರ ಹಿಡಿದು ಕೂತೆ.
ನಿಮಿಷಕ್ಕೆ ಮೂವತ್ತಮೂರು, ಮೇಲೊಂದು ಚೂರು. ಅದು ಕಾಯದೆ.
ಮೂರು ಸಲ ಎಣಿಸಿದೆ. ಮೂವತ್ತೊಂದೂವರೆ.
ನೂರಕ್ಕೆ ಐದೂವರೆ ಖೋತಾ.
ಇದಕ್ಕಿಂತ ಕಡಿಮೆಗೆ
ಎಷ್ಟು ಕಿರಾಣಿ ಅಂಗಡಿಗಳನ್ನು ಅಳಿಸಿದ್ದೇನೆ!

ಖಡೇಬಜಾರಿನ ಬಂದೇನವಾಜ ಸನದಿ
ಒಳಗಿನ ರಬ್ಬರು ಗಾಲಿಯನ್ನು ಉಗುರಿನಿಂದ ಒತ್ತಿ ನೋಡಿದ.
"ಗಾಲಿ ಕಲ್ಲಾಗೇತ್ರಿ. ಮೋಟರೂ ಮುದುಕ."
ಕಪಾಟಿನಿಂದ ಇಳಿಸಿದ ಇನ್ನೊಂದು ಕರ್ರಗೆ, ತೆಳ್ಳಗೆ,
ವಜ್ರದ ಸೂಜಿ, ಇಪ್ಪತ್ತಾರು ಸಾವಿರ.
ಹಳೆಯದು ಕೊಟ್ಟರೆ ಎರಡು ಬಿಡುತ್ತಾನಂತೆ.

ನನ್ನದೇ ಭೀಮಪಲಾಸ ಅದರ ಮೇಲಿಟ್ಟ.
ಎಂಥ ಸ್ವಚ್ಛ!
ತಂಬೂರಿಯ ಒಂದು ತಂತಿ ಕೊಂಚ ಸಡಿಲ,
ಹಿಂದೆ ಯಾರೋ ಕೆಮ್ಮನ್ನು ನುಂಗಿಕೊಂಡದ್ದು,
ಹಿಂದಿನ ಮಾಲೀಕರ ಗೀರುಗಳು
ಒಂದೊಂದೂ ಹಾಜರಿ ಕೂಗಿದ ಹಾಗೆ.
ದನಿ ಮಾತ್ರ ಅರ್ಧ ಮೆಟ್ಟಿಲು ಮೇಲೆ ನಿಂತಿತ್ತು.
ಮೀಸೆ ಈಗಷ್ಟೇ ಮೂಡಿದ ಯಾವನೋ
ನಮ್ಮ ಗವಾಯಿಯ ಕೋಟು ತೊಟ್ಟು
ಬಸ್ಸು ಹಿಡಿಯುವವನಂತೆ ಹಾಡಿದ.

ಸರಿಯಾದದ್ದು ಇದೇ. ಗೊತ್ತು.
ನಲವತ್ತು ವರ್ಷ ನಾನು ಕೇಳಿದ್ದು
ಯಾರೂ ಹಾಡದ ಭೀಮಪಲಾಸ.

ಆದರೆ ಲೆಕ್ಕ ಇನ್ನೊಂದು ಮಗ್ಗುಲಿಂದಲೂ ಬರುತ್ತದೆ.
ಇಪ್ಪತ್ತು ನಿಮಿಷದ ಹಾಡು ನಮ್ಮ ಮನೆಯಲ್ಲಿ
ಇಪ್ಪತ್ತೊಂದು ದಾಟುತ್ತದೆ.
ಸುತ್ತಿನಲ್ಲಿ ಕದ್ದದ್ದನ್ನು
ಹೊತ್ತಿನಲ್ಲಿ ತಂದಿಡುವ ಈ ಕಳ್ಳನಿಗೆ
ಯಾವ ಕಲಮಿನಡಿ ನೋಟೀಸು?

ರಾತ್ರಿ ಇಂದುಮತಿಗೆ ರೇಟು ಹೇಳಿದೆ.
ಬೆಳ್ಳುಳ್ಳಿ ಸುಲಿಯುತ್ತಿದ್ದಳು.
"ತರ್ರಿ, ಯಾಕಾಗವಲ್ದು.
ಕರಿ ಎರಡಕ್ಕ ನನ್ನ ದನಿ ಈಗ ಒಡೀತೈತಿ, ಅಷ್ಟ.
ಇದರ ಜೋಡಿ ಆದ್ರ ನಡೀತಿತ್ತು."
ಇವಳು ಇದರ ಜೋಡಿ ಹಾಡುತ್ತಾಳೆಂದು
ನಾನು ಯಾವ ವಹಿಯಲ್ಲೂ ಬರೆದುಕೊಂಡಿರಲಿಲ್ಲ.

ಸನದಿಯ ಹತ್ತಿರ ಏಳು ದಿನ ಕೇಳಿ ಬಂದಿದ್ದೆ,
ನಾವು ಅಂಗಡಿಗಳಿಗೆ ಕೊಡುತ್ತಿದ್ದ ಗಡುವು.
ಇವತ್ತು ಹದಿನೆಂಟನೆಯದು.
ಎರಡು ಸಲ ಫೋನು ಮಾಡಿದ, ಗಿರಾಕಿ ಬಂದಾರ್ರಿ ಅಂದ.
ಬ್ಯಾಂಕಿನ ಪುಸ್ತಕ ಅಂಗಿಯ ಕಿಸೆಯಲ್ಲೇ ಇದೆ.
ಜೋಳದ ಕಾಳು ಕೀಳುವುದೂ ಆಗಿಲ್ಲ.
ಅದು ಕಿಟಕಿಯ ಬೆಳಕು ದಾಟಿ ದಾಟಿ ಬರುತ್ತದೆ.
ಎಣಿಸುತ್ತಿಲ್ಲ ಅಂದರೆ ಸುಳ್ಳಾದೀತು.
ಇಪ್ಪತ್ತಾರು, ಇಪ್ಪತ್ತೇಳು,
ಅಡಿಗೆಮನೆಯಲ್ಲಿ ಸಾಸಿವೆ ಸಿಡಿಯಿತು,
ಅದರ ಹಿಂದೆಯೇ ಅವಳ ಗಾಂಧಾರ, ಮೆತ್ತಗೆ,
ಇಪ್ಪತ್ತೆಂಟೋ, ಒಂಬತ್ತೋ.