ಟ್ರಿಪ್ ಶೀಟ್

ಮೇಲಿನಿಂದ ಹೋದರೆ ಐವತ್ತು ನಿಮಿಷ.
ಬಜ್ಪೆಯಲ್ಲಿ ಎದ್ದು ದೇವನಹಳ್ಳಿಯಲ್ಲಿ ಕೂರುವ ವಿಮಾನ
ಹಾಸನದ ಮೇಲೆ ಹಾಯುವಾಗ
ನಾನು ಎನ್.ಆರ್. ಸರ್ಕಲ್ಲಿನಲ್ಲಿ ಬೀಡಿ ಹಚ್ಚುತ್ತೇನೆ;
ಅರ್ಧ ಬೀಡಿಗೆ ನಮ್ಮ ಜಿಲ್ಲೆ ಮುಗಿದಿರುತ್ತದೆ.

ಕೆಳಗಿನಿಂದ ಹೋದರೆ ಲೆಕ್ಕವೇ ಬೇರೆ.
ಘಾಟಿ ಸಿರಿಲನ ಪಾಲು, ಬಯಲು ನನ್ನದು.
ಇಲ್ಲಿ, ನಡುವೆ, ಡಿಕ್ಕಿಯಿಂದ ಡಿಕ್ಕಿಗೆ ಸರಕು ದಾಟಿಸಿ
ಒಂದೊಂದು ಟೀ ಕುಡಿದು
ಅವನು ಪಡುವಣಕ್ಕೆ ತಿರುಗುತ್ತಾನೆ, ನಾನು ಮೂಡಣಕ್ಕೆ.
ಹನ್ನೊಂದು ವರ್ಷದಿಂದ ಹೀಗೇ. ಅವನ ಮನೆ ನಾನು ನೋಡಿಲ್ಲ.

ಆವತ್ತು ಬಜ್ಪೆಗೆ ಮೋಡ ಕವಿದು ವಿಮಾನ ಇಳಿಯಲೇ ಇಲ್ಲ.
ಮಸ್ಕತ್ತಿನ ಮದುವೆಗೆಂದು ಕಟ್ಟಿದ
ನಲವತ್ತು ಅಟ್ಟೆ ಶಂಕರಪುರ ಮಲ್ಲಿಗೆ
ಬಾಳೆಪಟ್ಟೆ ಸುತ್ತಿಕೊಂಡು ರಸ್ತೆಗಿಳಿಯಿತು.
ದೇವನಹಳ್ಳಿಯಲ್ಲಿ ರಾತ್ರಿ ಮೂರರ ವಿಮಾನ ಹಿಡಿಯಬೇಕು.
"ಆಗುತ್ತಾ ದಸ್ತಗೀರ್?" ಅಂದರು ಫೋನಿನಲ್ಲಿ.
"ಆಗುತ್ತೆ" ಅಂದೆ.
ನಾನು ಯಾವತ್ತೂ ಹಾಗೇ ಅನ್ನುವುದು.

ಶಿರಾಡಿಯ ತಿರುವಿನಲ್ಲಿ ಗ್ಯಾಸ್ ಟ್ಯಾಂಕರೊಂದು
ಅಡ್ಡ ಮಲಗುವುದು ಯಾವ ನಕ್ಷೆಯಲ್ಲೂ ಇರಲಿಲ್ಲ.
ಸಿರಿಲ ಬಂದಾಗ ಒಂದೂಮುಕ್ಕಾಲು.
ಡಿಕ್ಕಿ ಎತ್ತಿದ. ಇಬ್ಬರೂ ಮಾತಾಡಲಿಲ್ಲ.
ಮೊಗ್ಗಿಗೆ ಗಂಟೆ ಗೊತ್ತು, ಕಿಲೋಮೀಟರ್ ಗೊತ್ತಿಲ್ಲ.
ಹೊತ್ತಿಗೆ ಸರಿಯಾಗಿ, ಕತ್ತಲೆಯಲ್ಲಿ,
ನೋಡುವವರಿಲ್ಲದೆ, ಮುಡಿಯುವವರಿಲ್ಲದೆ
ಅಷ್ಟೂ ಅರಳಿ ಕೂತಿತ್ತು.

ಪಾರ್ಟಿ ಹೇಳಿತು: ಅರಳಿದ್ದು ಬೇಡ, ಎಲ್ಲಾದರೂ ಸುರಿ.

ಸುರಿಯಲು ಕೈ ಬರಲಿಲ್ಲ.
ನನ್ನ ಡಿಕ್ಕಿಗೆ ದಾಟಿಸಿಕೊಂಡು ಸೀಟು ಬಾಗಿಸಿ ಮಲಗಿದೆ.
ನಿದ್ದೆಯೂ ಬರಲಿಲ್ಲ, ಘಮಕ್ಕೆ ತಲೆ ಹಿಡಿದುಕೊಂಡಿತು.
ಐದೂವರೆಗೆ ರಸ್ತೆಯ ಆಚೆ ಪೊರಕೆ ಸದ್ದು,
ಸ್ವೆಟರಿನ ಮೇಲೆ ನಗರಸಭೆಯ ಕೋಟು ಹಾಕಿದ ಆರೇಳು ಹೆಂಗಸರು.
ಕರೆದೆ.

"ಪುಕ್ಕಟೆ ಬ್ಯಾಡ" ಅಂದಳು ಚೌಡಮ್ಮ.
ಗಾಡಿಯಂಗಡಿಯಿಂದ ಹತ್ತು ರೂಪಾಯಿಯ ಟೀ ತಂದು
ಬಾನೆಟ್ಟಿನ ಮೇಲಿಟ್ಟು
ಆಮೇಲೆ ಹೂವಿಗೆ ಕೈ ಹಾಕಿದಳು.

"ಎಲ್ಲಿಗ್ ಹೊಂಟಿತ್ತು ಇದು?"
"ಮಸ್ಕತ್ತಿಗೆ."
"ಎಷ್ಟೊತ್ತಿನ ದಾರಿ?"
"ವಿಮಾನದಲ್ಲಿ ಮೂರೂವರೆ ಗಂಟೆ ಅಂತಾರೆ."
"ಅಷ್ಟೇನಾ!" ಅಂದಳು, ಪಿನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ,
"ನನ್ ತವರಿಗೂ ಅಷ್ಟೇ ಕಣಪ್ಪ,
ಅರಕಲಗೂಡಲ್ಲಿ ಬಸ್ ತಪ್ಪೋದ್ರೆ."

ಅವರು ಗುಡಿಸುತ್ತಾ ದೂರ ಹೋದರು.
ಬೀದಿದೀಪ ಆರುವವರೆಗೂ
ಆರೇಳು ಬಿಳುಪು ಬಾಗುತ್ತಿದ್ದವು, ಏಳುತ್ತಿದ್ದವು.

ಟ್ರಿಪ್ ಶೀಟಿನಲ್ಲಿ ಬರೆದೆ:
ಹೊರಟದ್ದು ಹಾಸನ. ತಲುಪಿದ್ದು ಹಾಸನ.
ಓಡಿದ ಕಿಲೋಮೀಟರ್ ಸೊನ್ನೆ.
ಬಾಡಿಗೆಯ ಮನೆ ಖಾಲಿ ಬಿಟ್ಟೆ;
ಹತ್ತು ರೂಪಾಯಿಯ ಟೀ ಅಂತ ಬರೆದರೆ ಮಾಲೀಕ ಬಯ್ಯುತ್ತಾನೆ.

ಆ ವಾರವಿಡೀ ಹತ್ತಿದವರೆಲ್ಲ
ಮೂಗರಳಿಸಿ ಕೇಳಿದರು, ಯಾರ ಮದುವೆ?
ಬೀಡಿ ಸೇದಬೇಕೆನಿಸಿದರೆ
ಕಾರಿನಿಂದ ಇಳಿದು, ಒಂದಿಷ್ಟು ದೂರ ನಡೆದು ಹೋಗುತ್ತಿದ್ದೆ.